ಸಂಜೆ ಏನು ಕುಡಿದರು, ರಾತ್ರಿ ಯಾವಾಗ ಮಲಗಿದರು: ಹದಿಹರೆಯದ ಮಕ್ಕಳ ಲೆಕ್ಕ ಹಾಕೋದು ಹೀಗೆ

ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ನನಗೆ 19 ವರ್ಷ ಆಯ್ತು. ಸಂಜೆ ಏಳರ ಹೊತ್ತಿಗೆ ಕ್ಲಾಸ್ ಬಿಟ್ಟ ಹುಡುಗ ಹುಡುಗಿಯರು ಮಣಭಾರದ ಬ್ಯಾಗ್ ಹೊತ್ತು ಬರ್ತಾರೆ. ಒಬ್ಬರಿಗೂ ಇಡ್ಲಿ ಬೇಡ. ಕೋಲ್ಡ್ ಕಾಫಿ ಕೊಡಿ ಅಂಕಲ್, ಸ್ಟ್ರಾಂಗ್ ಕೊಡಿ. ಕೊಡ್ತೇನೆ, ದುಡ್ಡು ಎಣಿಸಿ ಒಳಗೆ ಹಾಕ್ತೇನೆ. ಇವರು ರಾತ್ರಿ ಎಷ್ಟಕ್ಕೆ ಮಲಗ್ತಾರೆ ಅಂತ ಯಾವತ್ತೂ ಯೋಚಿಸಿದವನಲ್ಲ, ನನ್ನ ಮಗನೇ ಒಂದು ರಾತ್ರಿ ಟಿಟ್ವಾಲಾದಿಂದ ಫೋನ್ ಮಾಡುವ ತನಕ.

ನಾವಿರೋದು ಡೊಂಬಿವಲಿಯಲ್ಲಿ. ಮಗ 12ನೇ ಕ್ಲಾಸ್ ಸೈನ್ಸ್, ಕೋಚಿಂಗ್ ಠಾಣೆಯಲ್ಲಿ. ಅವತ್ತು ಠಾಣೆಯಲ್ಲಿ ಲೋಕಲ್ ಗಾಡಿ ಹತ್ತಿದವನಿಗೆ ಅಪರೂಪಕ್ಕೆ ಸೀಟು ಸಿಕ್ಕಿದೆ. ಡೊಂಬಿವಲಿ ಹೋಯ್ತು, ಕಲ್ಯಾಣ ಹೋಯ್ತು, ಎಚ್ಚರ ಆದಾಗ ಟಿಟ್ವಾಲಾ. ಗಾಡಿಯಲ್ಲಿ ಅಷ್ಟು ಗಡದ್ದಾಗಿ ಮಲಗಿದ ಹುಡುಗ ಮನೆಗೆ ಬಂದು ಉಂಡು ಹಾಸಿಗೆಗೆ ಬಿದ್ದರೆ ಒಂದೂವರೆ ತನಕ ಬರೀ ಹೊರಳಾಟ. "ನಿದ್ರೆ ಬತ್ತಿಲ್ಲೆ ಅಪ್ಪಯ್ಯ, ಎಂತ ಮಾಡೂದ್?" ಅಂದ. ಎಲ್ಲ ಅಪ್ಪಂದಿರ ಹಾಗೆ ನಾನೂ ಮೊಬೈಲಿಗೆ ಬೈದೆ, ಕಿತ್ತು ಕಪಾಟಿನಲ್ಲಿ ಇಟ್ಟೆ. ಆದರೂ ನಿದ್ದೆ ಇಲ್ಲ.

ಆ ಭಾನುವಾರ ಬಾಲ್ಕನಿ ಗುಡಿಸುವಾಗ ನೀರಿನ ಡ್ರಮ್ಮಿನ ಹಿಂದೆ ಅವನ ಅಮ್ಮನ ಕೈಗೆ ಎನರ್ಜಿ ಡ್ರಿಂಕಿನ ಖಾಲಿ ಬಾಟಲಿ ಸಿಕ್ತು. ಒಂದಲ್ಲ, ಏಳು. ಎಲ್ಲವನ್ನೂ ಕಾಲಲ್ಲಿ ತುಳಿದು ಚಪ್ಪಟೆ ಮಾಡಿ, ಮುಚ್ಚಳ ಹಾಕಿ, ಒಂದರ ಮೇಲೊಂದು ಜೋಡಿಸಿದ್ದ. ಪುಸ್ತಕವನ್ನು ಅಷ್ಟು ನೀಟಾಗಿ ಜೋಡಿಸಿದ್ದು ನಾನಂತೂ ನೋಡಿಲ್ಲ.

ಬೈಯೋ ಮೊದಲು ಬರ್ಕೊಳ್ಳಿ

ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ನಾಲ್ಕು ದಿನದ ಲೆಕ್ಕ ಸಾಕು. ಅದರಲ್ಲಿ ಒಂದು ಭಾನುವಾರ ಇರಲಿ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆಯೋದು: ಏನು ಕುಡಿದದ್ದು, ಎಷ್ಟು ಹೊತ್ತಿಗೆ, ಲೋಟ ಎಷ್ಟು ದೊಡ್ಡದು. ಕೆಳಗೆ ದೀಪ ಆರಿಸಿದ ಹೊತ್ತು, ಎದ್ದ ಹೊತ್ತು. ಬರೆಯೋದು ಮಕ್ಕಳೇ ಬರೀಬೇಕು. ನೀವು ಬರೆದರೆ ಅದು ಪೊಲೀಸ್ ಪಂಚನಾಮೆ ಆಗುತ್ತೆ. ಏನೇ ಬರೆದರೂ ಬೈಯೋದಿಲ್ಲ ಅಂತ ಮೊದಲೇ ಮಾತು ಕೊಡಿ. ನಾನು ಕೊಟ್ಟೆ, ಎರಡನೇ ದಿನವೇ ಮುರಿದೆ, ಹಾಗಾಗಿ ನಮ್ಮ ಕ್ಯಾಲೆಂಡರಿನಲ್ಲಿ ಮೂರನೇ ದಿನದ ಚೌಕ ಖಾಲಿ. ಆಮೇಲೆ ಅದೇ ಚೌಕದಲ್ಲಿ ನನ್ನ ಕಾಫಿ ಲೆಕ್ಕವನ್ನೂ ಬರೆಯೋಕೆ ಶುರು ಮಾಡಿದೆ, ಆಗ ಅವನು ಮತ್ತೆ ಪೆನ್ಸಿಲ್ ಹಿಡಿದ.

ಅವನ ಒಂದು ಸೋಮವಾರ ಹೀಗಿತ್ತು. ಬೆಳಗ್ಗೆ 6:15ಕ್ಕೆ ಅಮ್ಮನ ಜೊತೆ ಒಂದು ಲೋಟ ಫಿಲ್ಟರ್ ಕಾಫಿ. ಮಧ್ಯಾಹ್ನ 3ಕ್ಕೆ ಠಾಣೆ ಸ್ಟೇಷನ್ ಹೊರಗೆ ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಐದೂವರೆಗೆ ಬ್ರೇಕಿನಲ್ಲಿ ಇನ್ನೊಂದು. 8:30ಕ್ಕೆ ಕ್ಲಾಸ್ ಬಿಟ್ಟಾಗ ಆ ಬಾಟಲಿ. ರಾತ್ರಿ 11ಕ್ಕೆ ಓದೋಕೆ ಅಂತ ತಾನೇ ಕುದಿಸಿಕೊಂಡ ಕಪ್ಪು ಚಹಾ. ನೀರು? ಕ್ಲಾಸಿಗೆ ತಗೊಂಡು ಹೋದ ಒಂದು ಲೀಟರ್ ಬಾಟಲಿ ಮುಕ್ಕಾಲು ಹಾಗೇ ವಾಪಸ್. ತಿಂಡಿ? ಹನ್ನೆರಡೂವರೆಗೆ ಊಟ ಮಾಡಿದವನು ರಾತ್ರಿ ಒಂಬತ್ತೂವರೆ ತನಕ ಏನೂ ತಿಂದಿಲ್ಲ. ಈ ಕೊನೆಯ ಸಾಲು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಅಂಕಿ

ಹೈದರಾಬಾದಿನಲ್ಲಿರುವ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 150 ಮಿಲಿಯ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಅಂದರೆ ನಿದ್ದೆ ಓಡಿಸುವ ವಸ್ತು, ಇರುತ್ತೆ. ಇನ್‌ಸ್ಟಂಟ್ ಆದರೆ 50ರಿಂದ 65. ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಅಂತಲೂ ಅದರಲ್ಲಿದೆ. ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ತನಕ ಇರಬಹುದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ. ಅಂದರೆ 250 ಮಿಲಿಯ ಬಾಟಲಿಯಲ್ಲಿ 75 ಮಿಲಿಗ್ರಾಂ ತನಕ. ಮಗನ ಬಾಟಲಿಯ ಮೇಲೆ 100 ಮಿಲಿಗೆ 29 ಅಂತ ಇತ್ತು, ಹಾಗಾದರೆ ಒಂದಕ್ಕೆ 72. ಮಕ್ಕಳಿಗೆ ತಕ್ಕದ್ದಲ್ಲ ಅಂತ ಅದೇ ಲೇಬಲ್ಲಿನಲ್ಲಿ ಬರೆದಿರುತ್ತೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕ್ಕೊಂಡು ಓದಿದೆ.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಒಂದು ಮಿತಿ ಹೇಳಿತು: ದಿನಕ್ಕೆ, ಮೈತೂಕದ ಒಂದು ಕಿಲೋಗೆ 3 ಮಿಲಿಗ್ರಾಂ. ಮಗ 52 ಕಿಲೋ, ಅಂದರೆ 156. ಎಲ್ಲದಕ್ಕೂ ಕಡಿಮೆ ಅಂಕಿಯನ್ನೇ ಹಿಡಿಯೋಣ. ಕಾಫಿ 80, ಎರಡು ಕಟಿಂಗ್ ಸೇರಿ 30, ಬಾಟಲಿ 72, ರಾತ್ರಿಯ ಚಹಾ 30. ಒಟ್ಟು 212. ಇದು ಕೈ ಬಿಗಿ ಹಿಡಿದು ಹಾಕಿದ ಲೆಕ್ಕ.

ಆದರೆ ಒಟ್ಟು ಮೊತ್ತಕ್ಕಿಂತ ಹೊತ್ತು ಮುಖ್ಯ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗೋಕೆ ಸುಮಾರು 5 ಗಂಟೆ ಬೇಕು, ಕೆಲವರಿಗೆ ಬೇಗ, ಕೆಲವರಿಗೆ ಇನ್ನೂ ತಡ. ಉಳಿದ ಅರ್ಧದಲ್ಲಿ ಅರ್ಧ ಹೋಗೋಕೆ ಮತ್ತೆ 5 ಗಂಟೆ. ಹಾಗಾದರೆ 8:30ಕ್ಕೆ ಕುಡಿದ 72ರಲ್ಲಿ ರಾತ್ರಿ 1:30ಕ್ಕೆ 36 ಇನ್ನೂ ಮೈಯಲ್ಲೇ ಇದೆ. ಹನ್ನೊಂದರ ಚಹಾದ್ದು ಇನ್ನೊಂದು 20 ಇದೆ. ಒಟ್ಟು 56. ಒಂದೂವರೆ ರಾತ್ರಿಗೆ ಎಬ್ಬಿಸಿ ಒಂದು ಕಪ್ ಇನ್‌ಸ್ಟಂಟ್ ಕಾಫಿ ಕುಡಿಸಿ "ಮಲಗು ಮಗಾ" ಅಂದ ಹಾಗೆ. 2013ರಲ್ಲಿ ಅಮೆರಿಕದಲ್ಲಿ ದೊಡ್ಡವರ ಮೇಲೆ ಒಂದು ಪರೀಕ್ಷೆ ಮಾಡಿದ್ದರು. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟರೂ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆ ಆಯ್ತು. 400 ಅಂದರೆ ಜಾಸ್ತಿಯೇ, ನಿಜ. ಆದರೆ ಆರು ಗಂಟೆಯೂ ಸಾಲಲ್ಲ ಅನ್ನೋದು ಗೊತ್ತಾಯ್ತಲ್ಲ.

ಬಾಟಲಿ ಕುಡಿದ ಮೇಲೂ ಗಾಡಿಯಲ್ಲಿ ಹೇಗೆ ಮಲಗಿದ ಅಂತ ನನಗೂ ಅನುಮಾನ ಬಂದಿತ್ತು. ಕೆಫೀನ್ ಮೈಗೆ ಏರೋಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಗಾಡಿ ಹತ್ತುವಾಗ ಏರಿಲ್ಲ, ಹಾಸಿಗೆಗೆ ಬರುವಾಗ ಏರಿ ಕೂತಿದೆ. ಅದರ ಮೇಲೆ ಗಾಡಿಯಲ್ಲಿ ಆದ ನಿದ್ದೆಯಿಂದ ರಾತ್ರಿಯ ನಿದ್ದೆಯಲ್ಲಿ ಒಂದು ತುಂಡು ಖರ್ಚಾಗಿ ಹೋಗಿದೆ.

ಕೆಫೀನ್ ಕೆಲಸ ಮಾಡುವ ರೀತಿಯನ್ನು ಮುಂಬೈಯವರಿಗೆ ಹೇಳೋದು ಸುಲಭ. ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರ್ತಾ ಹೋಗುತ್ತೆ. ಅದು ತನ್ನ ಸೀಟಿನಲ್ಲಿ ಕೂತರೆ ನಮಗೆ ತೂಕಡಿಕೆ. ಕೆಫೀನ್ ಬಂದು ಆ ಸೀಟಿನಲ್ಲಿ ತಾನು ಕೂತ್ಕೊಳ್ಳುತ್ತೆ, ಲೋಕಲ್ಲಿನಲ್ಲಿ ಕರವಸ್ತ್ರ ಹಾಕಿ ಜಾಗ ಹಿಡಿಯುವವರ ಹಾಗೆ. ಅಡೆನೊಸಿನ್ ಎಲ್ಲೂ ಹೋಗಿಲ್ಲ, ಬಾಗಿಲಲ್ಲಿ ಜೋತು ನಿಂತಿದೆ, ಪ್ರತಿ ಸ್ಟೇಷನ್ನಿನಲ್ಲೂ ಇನ್ನಷ್ಟು ಹತ್ತುತ್ತಿದೆ. ಕೆಫೀನ್ ಎದ್ದು ಇಳಿದದ್ದೇ ತಡ, ಎಲ್ಲ ಒಮ್ಮೆಗೇ ನುಗ್ಗುತ್ತೆ. ಮಾರನೆ ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿ ಹುಡುಗ ಡೆಸ್ಕಿನ ಮೇಲೆ ತಲೆ ಇಡೋದು ಅದಕ್ಕೇ.

ತಪ್ಪೆಲ್ಲ ಮಕ್ಕಳದ್ದೂ ಅಲ್ಲ. ಈ ವಯಸ್ಸಿನಲ್ಲಿ ಮೈಯ ಗಡಿಯಾರವೇ ಹಿಂದೆ ಬೀಳುತ್ತೆ. ನಿದ್ದೆ ತರುವ ಮೆಲಟೋನಿನ್ ಚಿಕ್ಕ ಮಕ್ಕಳಿಗಿಂತ ತಡವಾಗಿ ಏರುತ್ತೆ, ಹತ್ತಕ್ಕೆ ಮಲಗು ಅಂದರೆ ಅವರಿಗೆ ನಿಜವಾಗಿಯೂ ನಿದ್ದೆ ಬರೋದಿಲ್ಲ. ಆದರೆ 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಬೆಳಗ್ಗೆ 9ಕ್ಕಿಂತ ಮೊದಲು ಶಾಲೆ ಬೇಡ ಅಂತ ಹೇಳಿದ್ದು 4ನೇ ಕ್ಲಾಸ್ ತನಕದ ಮಕ್ಕಳಿಗೆ. ಬೆಳಗ್ಗೆ ಏಳೋಕೆ ನಿಜವಾಗಿ ಒದ್ದಾಡುವ ದೊಡ್ಡ ಮಕ್ಕಳು ಏಳರ ಕಾಲೇಜಿಗೆ ಐದೂಮುಕ್ಕಾಲಿಗೆ ಏಳ್ತಲೇ ಇದ್ದಾರೆ. ಆ ಕಡೆಯಿಂದ ನಿದ್ದೆ ಎಳೆಯೋಕೆ ಆಗೋದಿಲ್ಲ, ಹಾಗಾಗಿ ರಾತ್ರಿಯ ಕಡೆ ಕೈ ಹಾಕಬೇಕು.

ಮೊದಲು ಯಾವುದನ್ನು ಬಿಡಿಸೋದು

ಮಲಗುವ ಹೊತ್ತಿನಿಂದ ಹಿಂದಕ್ಕೆ 8 ಗಂಟೆ ಎಣಿಸಿ. ಹನ್ನೊಂದಕ್ಕೆ ಮಲಗೋದಾದರೆ ಮೂರು ಗಂಟೆ. ಮೂರರ ನಂತರ ಕೆಫೀನ್ ಬೇಡ. ಬೆಳಗಿನ ಕಾಫಿ ಮುಟ್ಟಬೇಡಿ. ಅದು ನಮ್ಮ ಮನೆಗಳಲ್ಲಿ ಬರೀ ಕಾಫಿ ಅಲ್ಲ, ಅಮ್ಮನ ಪಕ್ಕ ಅಡುಗೆಮನೆ ಕಟ್ಟೆಗೆ ಒರಗಿ ನಿಂತು ಮಗ ಮಾತಾಡುವ ಹತ್ತು ನಿಮಿಷ, ಮತ್ತೆ ಇಡೀ ದಿನ ಅವನು ಸಿಗೋದಿಲ್ಲ. ಅದನ್ನು ಕಿತ್ತುಕೊಂಡರೆ ಉಳಿದದ್ದಕ್ಕೂ ಅವನು ಒಪ್ಪೋದಿಲ್ಲ.

ಎಲ್ಲ ಒಂದೇ ದಿನ ನಿಲ್ಲಿಸಬೇಡಿ. ದಿನಾ ಕುಡಿಯುವವರು ತಟ್ಟನೆ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಶುರು, ಸಿಡಿಮಿಡಿ ಬೇರೆ, ಕೆಲವರಿಗೆ ವಾರದ ತನಕ. ನಾವು ಮೊದಲ ವಾರ ರಾತ್ರಿ ಹನ್ನೊಂದರ ಚಹಾ ಬಿಡಿಸಿದೆವು. ಎರಡನೇ ವಾರ ಬಾಟಲಿ, ಮೂರನೇ ವಾರ ಐದೂವರೆಯ ಕಟಿಂಗ್. ಮೂರರ ಕಟಿಂಗ್ ಉಳೀತು, ಅವನ ಗೆಳೆಯರೆಲ್ಲ ಸೇರೋದು ಅಲ್ಲೇ.

ಬಾಟಲಿ ಬಿಡಿಸೋದೇ ಕಷ್ಟ ಆಯ್ತು. ಉಪದೇಶಕ್ಕೆ ಅದು ಜಗ್ಗಲಿಲ್ಲ. ಆಗ ಆ ಕೊನೆಯ ಸಾಲು ನೋಡಿದ್ದು: ಹನ್ನೆರಡೂವರೆಯಿಂದ ಒಂಬತ್ತೂವರೆ ತನಕ ಖಾಲಿ ಹೊಟ್ಟೆ. ಅವನಿಗೆ ಬೇಕಾದ್ದು ಊಟ, ಅದು ಸಿಗದೆ ಸಕ್ಕರೆ ನೀರು ಕುಡೀತಿದ್ದ. ಈಗ ಸಣ್ಣ ಡಬ್ಬಿಯಲ್ಲಿ ಚಪಾತಿ ಸುರುಳಿ, ಇಲ್ಲವೇ ಒಗ್ಗರಣೆ ಅವಲಕ್ಕಿ, ಎರಡು ಬಾಳೆಹಣ್ಣು, ಐದೂವರೆಗೆ ತಿನ್ನೋಕೆ. ಡಬ್ಬಿ ಒಯ್ಯೋಕೆ ನಾಚಿಕೆ ಅಂದರೆ ಪೇಪರಿನಲ್ಲಿ ಸುತ್ತಿಕೊಡಿ. ಹೋಟೆಲಿಗೆ ಬರುವ ಮಕ್ಕಳಿಗೂ ಈಗ ನಾನು ಹೇಳ್ತೇನೆ, ಮೊದಲು ಒಂದು ಪ್ಲೇಟ್ ಇಡ್ಲಿ ತಿನ್ನು, ಆಮೇಲೆ ಕೋಲ್ಡ್ ಕಾಫಿ ಬೇಕಾ ನೋಡುವ. ಹತ್ತರಲ್ಲಿ ನಾಲ್ವರು ಆಮೇಲೆ ಕೇಳೋದಿಲ್ಲ. ಮಾಲೀಕರಿಗೂ ನಷ್ಟ ಇಲ್ಲ, ಇಡ್ಲಿ ಹೋಯ್ತಲ್ಲ!

2024ರ ಜುಲೈನಲ್ಲಿ ಶಾಲೆಯ 500 ಮೀಟರ್ ಒಳಗೆ ಇಂಥ ಜಾಸ್ತಿ ಕೆಫೀನಿನ ಡ್ರಿಂಕ್ ಮಾರೋದನ್ನು ನಿಷೇಧಿಸುತ್ತೇವೆ ಅಂತ ಮಹಾರಾಷ್ಟ್ರದ ಸಚಿವರು ವಿಧಾನ ಪರಿಷತ್ತಿನಲ್ಲಿ ಹೇಳಿದ್ದರು. ಒಳ್ಳೇದೇ. ಆದರೆ ನಮ್ಮ ಮಕ್ಕಳು ಸಂಜೆ ಇರೋದು ಶಾಲೆಯಲ್ಲಿ ಅಲ್ಲ, ಕೋಚಿಂಗ್ ಕ್ಲಾಸಿನಲ್ಲಿ ಮತ್ತೆ ಸ್ಟೇಷನ್ನಿನಲ್ಲಿ.

ಮನೆಯ ಕಾಫಿ ಕಡಿಮೆ ಮಾಡೋದು ನನ್ನ ಕಸುಬಿನ ವಿಷಯ, ಸ್ವಲ್ಪ ಜಾಸ್ತಿ ಹೇಳ್ತೇನೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್. ಪುಡಿ ಹಾಕಿಸುವಾಗ ಅರೇಬಿಕಾ ಜಾಸ್ತಿ ಇರಲಿ ಅಂತ ಹೇಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ, ಅದು ಬೇರು. ಹಾಗಾಗಿ ಚಿಕೋರಿ ಬೆರೆಸಿದ ಪುಡಿ ಅಂತ ಮೂಗು ಮುರಿಯುವವರು ಮಕ್ಕಳ ಲೋಟದ ಮಟ್ಟಿಗೆ ಸುಮ್ನಿರಬಹುದು, ಬಣ್ಣ ಗಟ್ಟಿ ಇರುತ್ತೆ, ಕೆಫೀನ್ ಕಡಿಮೆ. ಮೊದಲ ಡಿಕಾಕ್ಷನ್ ದೊಡ್ಡವರಿಗೆ, ಎರಡನೇ ನೀರಿನದ್ದು ಮಕ್ಕಳಿಗೆ. ಚಹಾ ಆದರೆ ಪುಡಿ ಹಾಕಿ ಹತ್ತು ನಿಮಿಷ ಕುದಿಸಬೇಡಿ. ಕಡಕ್ ಆದಷ್ಟೂ ಕೆಫೀನ್ ಜಾಸ್ತಿ ಇಳಿಯುತ್ತೆ. ಶುಂಠಿ, ಏಲಕ್ಕಿ ಜಾಸ್ತಿ ಹಾಕಿ ಪುಡಿ ಅರ್ಧ ಮಾಡಿದರೆ ಮಗನಿಗೆ ಗೊತ್ತೇ ಆಗ್ಲಿಲ್ಲ.

ಬದಲಿಗೆ ಏನು

ಪುನರ್ಪುಳಿ ಶರಬತ್ತು ಊರಿಂದ ಬಂದ ಬಾಟಲಿಯಲ್ಲಿ ಇದ್ದೇ ಇರುತ್ತೆ, ಇಲ್ಲಿಯವರು ಕೋಕಂ ಅಂತಾರೆ. ಸಕ್ಕರೆ ಕಡಿಮೆ ಹಾಕಿ, ಉಪ್ಪು ಜೀರಿಗೆ ಹಾಕಿ. ಬಣ್ಣ ಆ ಎನರ್ಜಿ ಡ್ರಿಂಕಿನದ್ದೇ ಕೆಂಪು, ಅದನ್ನು ಬಿಡುವವರಿಗೆ ಅದೂ ಒಂದು ಸಮಾಧಾನ. ನೀರು ಮಜ್ಜಿಗೆ ಆಗಬಹುದು. ರಾತ್ರಿ ಓದುವಾಗ ಕೈಗೆ ಬಿಸಿ ಲೋಟ ಬೇಕು ಅನ್ನುವವರಿಗೆ ಕೊತ್ತಂಬರಿ ಜೀರಿಗೆ ಕಷಾಯ, ಹಾಲು ಹಾಕಿ. ಬಿಸಿ ಹಾಲಿನಲ್ಲಿ ನಿದ್ದೆ ತರುವ ಮದ್ದಿದೆ ಅನ್ನೋದು ಸ್ವಲ್ಪ ಉಬ್ಬಿಸಿದ ಮಾತು, ಅದರಲ್ಲಿರುವ ಟ್ರಿಪ್ಟೊಫಾನ್ ತೀರಾ ಕಡಿಮೆ. ಆದರೆ ದಿನಾ ಅದೇ ಹೊತ್ತಿಗೆ ಅದೇ ಲೋಟ ಅಂದರೆ ಮೈಗೆ ಒಂದು ಗುರುತು ಸಿಗುತ್ತೆ, ಅಷ್ಟು ಸಾಕು. ಹಾಲಿಗೆ ಡಬ್ಬಿಯ ಚಾಕೊಲೇಟ್ ಪುಡಿ ಹಾಕುವವರು ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ ನೋಡಿ. ಕೋಕೋದಲ್ಲಿ ಚೂರು ಕೆಫೀನೂ ಇರುತ್ತೆ.

ನೀರು ಹಗಲಲ್ಲೇ ಕುಡೀಬೇಕು. ಇಡೀ ದಿನ ಒಣಗಿಕೊಂಡಿದ್ದು ರಾತ್ರಿ ಹತ್ತಕ್ಕೆ ಒಂದು ಲೀಟರ್ ಗಟಗಟ ಕುಡಿದರೆ ಮೂರು ಗಂಟೆಗೆ ಬಚ್ಚಲಿಗೆ ಏಳಲೇಬೇಕು. ಬಾಟಲಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಹೊತ್ತು ಬರೆಯಿರಿ, ಒಂದು ಗಂಟೆಗೆ ಇಲ್ಲಿಗೆ, ನಾಲ್ಕಕ್ಕೆ ಇಲ್ಲಿಗೆ. ಮಗ ನಕ್ಕ, ಆದರೆ ಬಾಟಲಿ ಈಗ ಖಾಲಿಯಾಗಿ ಬರುತ್ತೆ.

ಮೋಸ ಹೋಗುವ ಕಡೆ ಕೆಲವಿವೆ. ಗ್ರೀನ್ ಟೀಯಲ್ಲೂ ಕೆಫೀನ್ ಇದೆ. ಬಾಟಲಿಯ ಐಸ್ ಟೀಯಲ್ಲೂ ಇದೆ. ಕಪ್ಪು ಕೋಲಾದಲ್ಲಿ ಒಂದು ಕ್ಯಾನಿಗೆ ಸುಮಾರು ಒಂದು ಸಾದಾ ಚಹಾದಷ್ಟು. ಜಿಮ್ಮಿಗೆ ಹೋಗುವ ಹುಡುಗರಿದ್ದರೆ ಅವರು ನೀರಿಗೆ ಕಲಸುವ ಪ್ರಿ-ವರ್ಕೌಟ್ ಪುಡಿಯ ಡಬ್ಬಿ ಒಮ್ಮೆ ನೋಡಿ. ಒಂದು ಚಮಚೆಗೆ 150ರಿಂದ 300 ಮಿಲಿಗ್ರಾಂ ಇರೋದು ಮಾಮೂಲು, ಅದನ್ನು ಸಂಜೆ ಏಳಕ್ಕೆ ಕುಡೀತಾರೆ.

ಇನ್ನೊಂದು ವಿಷಯ ಮನೆಯಲ್ಲಿ ಯಾರೂ ಮಾತಾಡೋದಿಲ್ಲ. 12ನೇ ಕ್ಲಾಸ್ ಮುಗಿದ ಮೇಲೆ ಗೋವಾಕ್ಕೆ ಹೋಗುವ ಪ್ಲಾನ್ ಎಲ್ಲ ಹುಡುಗರದ್ದೂ ಇರುತ್ತೆ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ, ರಮ್ಮಿನಂಥ ಹಾಟ್ ಡ್ರಿಂಕ್ಸಿಗೆ 25 ವರ್ಷ ಆಗಿರಬೇಕು, ಗೋವಾದಲ್ಲಿ 18. ಕುಡಿದರೆ ನಿದ್ದೆ ಚೆನ್ನಾಗಿ ಬರುತ್ತೆ ಅನ್ನೋದು ಅರ್ಧ ಸತ್ಯ. ಬೇಗ ಬರುತ್ತೆ, ಆದರೆ ರಾತ್ರಿಯ ಎರಡನೇ ಅರ್ಧ ತುಂಡು ತುಂಡಾಗುತ್ತೆ, ಕನಸಿನ ನಿದ್ದೆಯೂ ಕಡಿಮೆಯಾಗುತ್ತೆ. ಎನರ್ಜಿ ಡ್ರಿಂಕಿಗೆ ಬೆರೆಸಿ ಕುಡಿಯೋದು ಇನ್ನೂ ಅಪಾಯ, ಅಮಲು ಏರಿದ್ದೇ ಗೊತ್ತಾಗದೆ ಇನ್ನಷ್ಟು ಕುಡೀತಾರೆ. ಇದನ್ನು ನಾನು ಮಗನಿಗೆ ಗಾಡಿಯಲ್ಲಿ ಹೇಳಿದೆ, ಇಬ್ಬರೂ ಕಿಟಕಿ ಕಡೆ ನೋಡ್ತಾ ಕೂತಿದ್ದಾಗ. ಎದುರೆದುರು ಕೂತು ಹೇಳೋಕೆ ನನ್ನಿಂದ ಆಗ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಏನು ಮಾಡೋದು ಅಂತ ಕೇಳ್ತೀರಿ. ಓದಿದ್ದು ತಲೆಯಲ್ಲಿ ಕೂರೋಕೆ ನಿದ್ದೆ ಬೇಕು, ಎರಡು ಗಂಟೆ ಹೆಚ್ಚು ಓದಿ ಅದನ್ನೇ ಕತ್ತರಿಸೋದು ನಷ್ಟದ ವ್ಯಾಪಾರ. ತೀರಾ ಸುಸ್ತಾದರೆ ಮಧ್ಯಾಹ್ನ ನಾಲ್ಕರೊಳಗೆ 20 ನಿಮಿಷ ಮಲಗಿಸಿ, ಅಲಾರಂ ಇಟ್ಟು. ಭಾನುವಾರ ಹನ್ನೊಂದರ ತನಕ ಮಲಗೋಕೆ ಬಿಟ್ಟರೆ ಸೋಮವಾರದ ನಿದ್ದೆ ಭಾನುವಾರ ರಾತ್ರಿಯೇ ಕೆಡುತ್ತೆ. ಒಂದು ಗಂಟೆ ಜಾಸ್ತಿ ಸಾಕು.

ಇಷ್ಟೆಲ್ಲ ಮಾಡಿ ಮೂರು ನಾಲ್ಕು ವಾರ ಆದರೂ ನಿದ್ದೆ ಸರಿಯಾಗದಿದ್ದರೆ, ಜೋರು ಗೊರಕೆ ಇದ್ದರೆ, ಎದೆ ಡವಡವ ಅಂದರೆ ಡಾಕ್ಟರಿಗೆ ತೋರಿಸಿ. ರಾತ್ರಿ ಕಾಲು ಆಡಿಸದೆ ಇರೋಕೆ ಆಗೋದಿಲ್ಲ ಅನ್ನುವ ಮಕ್ಕಳಿದ್ದಾರೆ, ಅವರಿಗೆ ಕಬ್ಬಿಣದ ಅಂಶ ಕಡಿಮೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಊಟದ ಜೊತೆ ಚಹಾ ಕುಡಿದರೆ ಊಟದ ಕಬ್ಬಿಣ ಮೈಗೆ ಸರಿಯಾಗಿ ಸೇರೋದಿಲ್ಲ, ಒಂದು ಗಂಟೆ ಹಿಂದೆ ಮುಂದೆ ಇರಲಿ ಅಂತ ಅದೇ ಐಸಿಎಂಆರ್ ಮಾರ್ಗಸೂಚಿಯಲ್ಲಿದೆ. ಚಪಾತಿ ಚಹಾ ನಾಷ್ಟಾ ಇಲ್ಲಿ ಎಲ್ಲರ ಮನೆಯಲ್ಲೂ ಇದೆ, ಅಲ್ವಾ?

ನಮ್ಮ ಮನೆಯಲ್ಲಿ ಎಲ್ಲ ಸರಿಯಾಯ್ತು ಅಂತ ಹೇಳಲಾರೆ. ಮಗ ಈಗ ಹನ್ನೊಂದೂಕಾಲು, ಹನ್ನೊಂದೂವರೆಗೆ ಮಲಗ್ತಾನೆ. ಪ್ರಿಲಿಮ್ಸ್ ಪರೀಕ್ಷೆಯ ವಾರದಲ್ಲಿ ಒಂದು ದಿನ ಕ್ಯಾಲೆಂಡರ್ ನೋಡಿದರೆ ಅವನ ಕೈಬರಹದಲ್ಲೇ "8:30, ಬಾಟಲಿ" ಅಂತಿತ್ತು, ಕೆಳಗೆ "ಮಲಗಿದ್ದು 2:10". ನಾನು ಏನೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅದೇ ಚೌಕದ ಮೂಲೆಯಲ್ಲಿ ಇನ್ನೊಂದು ಸಾಲು ಬರೆದಿದ್ದ: "ಅಪ್ಪಯ್ಯ, 9:15, ಸ್ಟ್ರಾಂಗ್ ಕಾಫಿ, ದೊಡ್ಡ ಲೋಟ."